ಬಿಡಿಸುವವರ ಬಳಗ

ಮೈಕಣ್ಣನ ಆ ಭಾನುವಾರ ಎಕ್ಕುಟ್ಟಿಹೋಗಿದ್ದು ಒಂದೇ ಒಂದು ಮಾತಿನಿಂದ. ಎಂಥ ಮಾತು ಅಂತೀರಿ? ಬೈಗುಳವಲ್ಲ, ಚಾಡಿಯಲ್ಲ, ಸುಳ್ಳಂತೂ ಅಲ್ಲವೇ ಅಲ್ಲ. ನಾವು ನೀವು ದಿನಾ ಆಡುವ ಮಾತು. ಆದರೆ ಅದನ್ನು ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಓನರಮ್ಮನ ಎದುರು ನಿಂತು ಆಡಬಾರದಿತ್ತು, ಅಷ್ಟೇ.

ಮೈಕಣ್ಣ ಅನ್ನುವುದು ಅಡ್ಡಹೆಸರು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಮೈಕಿನಲ್ಲಿ ಹೇಳುವುದು ಅವನ ನೌಕರಿ. ಬೆಳಗಿನಿಂದ ಸಂಜೆಯವರೆಗೆ ಲೋಕದ ಜತೆ ಮಾತಾಡುತ್ತಾನೆ. ಲೋಕ ಒಂದು ಸಲವೂ ತಿರುಗಿ ಮಾತಾಡುವುದಿಲ್ಲ. ಇವನ ಮಾತು ಮುಗಿಯುವುದಕ್ಕೇ ಕಾದಿದ್ದವರ ಹಾಗೆ ಎಲ್ಲರೂ ಬ್ಯಾಗು ಎತ್ತಿಕೊಂಡು ಬಸ್ಸಿನ ಕಡೆ ಓಡುತ್ತಾರೆ. ಅವನಿಗೆ ಗೊತ್ತಿರುವುದೆಲ್ಲ ಜನರ ಬೆನ್ನು. ಮನೆಗೆ ಬಂದರೆ ಒಂದು ಕೋಣೆ, ಒಂದು ಕುರ್ಚಿ, ಒಂದು ತಟ್ಟೆ. ರಾತ್ರಿ ತಟ್ಟೆ ತೊಳೆದಿಟ್ಟರೆ ಅವತ್ತಿನ ಸದ್ದು ಮುಗಿಯಿತು.

ಹಿಂದಿನ ವರ್ಷ ಒಂದು ದಿನ "ಪ್ರಯಾಣಿಕರ ಗಮನಕ್ಕೆ" ಅಂದವನಿಗೆ ಮುಂದಿನ ಮಾತೇ ಹೊರಡಲಿಲ್ಲ. ಮಾರನೇ ದಿನವೂ ಇಲ್ಲ. ಆಮೇಲೆ ಹಾಸಿಗೆಯಿಂದ ಏಳುವುದೂ ಬೇಡವಾಯಿತು. ಆಸ್ಪತ್ರೆ, ಮಾತ್ರೆ, ಕಿಟಕಿಗೆ ಸರಳು ಹಾಕಿದ ವಾರ್ಡು, ಎಲ್ಲ ಆಯಿತು. ಅವನಿದ್ದ ಮೂರಂತಸ್ತಿನ ಬಾಡಿಗೆ ಕಟ್ಟಡದಲ್ಲಿ ಇದು ಒಬ್ಬರಿಗೂ ಗೊತ್ತಾಗಲಿಲ್ಲ. ಅವನು ಮುಚ್ಚಿಟ್ಟಿದ್ದ ಅಂತಲ್ಲ. ಇಷ್ಟು ದಿನ ಎಲ್ಲಿ ಹೋಗಿದ್ದೆ ಅಂತ ಯಾರೂ ಕೇಳಲೇ ಇಲ್ಲ.

ಹಾಗೆ ಕೇಳಿದ ಮೊದಲನೆಯವರು ಬೇಕರಿ ಅಕ್ಕ. ಅವನು ಬ್ರೆಡ್ಡು ಕೊಳ್ಳಲು ಹೋದಾಗ ಮುಖ ನೋಡಿ, "ಯಾವ ಆಸ್ಪತ್ರೇಲಿದ್ರಿ?" ಅಂದರು. ಆಕೆಯೂ ಅಲ್ಲೇ ಇದ್ದು ಬಂದವರು. ಬ್ರೆಡ್ಡು ಸುಡುವುದು ಬಿಟ್ಟು ಒಂದು ಇಡೀ ವರ್ಷ ಗೋಡೆ ನೋಡುತ್ತಾ ಕೂತಿದ್ದವರು. ಒಂದು ದಿನ ಆ ಗೋಡೆಯ ಮೇಲೇ ಇದ್ದಿಲಿನಲ್ಲಿ ಏನೋ ಗೀಚಿದರಂತೆ, ಮಾರನೇ ದಿನ ಇನ್ನಷ್ಟು ಗೀಚೋಣ ಅನ್ನಿಸಿತಂತೆ, ಹಾಗೆ ಎದ್ದು ನಿಂತರಂತೆ. ಈಗ ಬೇಕರಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಸಂಜೆ ಒಂದು ಕೂಟ ನಡೆಸುತ್ತಿದ್ದರು. ಡಾಕ್ಟರು ಗೀಕ್ಟರು ಯಾರೂ ಇಲ್ಲ. ಬಿದ್ದು ಎದ್ದವರು, ಈಗಷ್ಟೇ ಏಳುತ್ತಿರುವವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಚಿತ್ರ ಬಿಡಿಸುವುದು, ಮನಸ್ಸಾದರೆ ಮಾತಾಡುವುದು. ಒಬ್ಬ ಪ್ಲಂಬರ್ ಸೋರುವ ನಲ್ಲಿ ಬಿಟ್ಟು ಬೇರೇನೂ ಬಿಡಿಸುತ್ತಿರಲಿಲ್ಲ. ಒಬ್ಬ ಮಾಜಿ ಪೊಲೀಸಪ್ಪ ಬರೀ ಗುಬ್ಬಚ್ಚಿ. ಮೈಕಣ್ಣ ಬೆನ್ನು. ಯಾಕೆ ಹೀಗೆ ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೆಳಗಿನ ಒಲೆಯ ಬಿಸಿ ನೆಲದ ಮೂಲಕ ಪಾದಕ್ಕೆ ತಾಗುತ್ತಿತ್ತು. ವಾರದಲ್ಲಿ ಅವನು ಬೆಚ್ಚಗಿರುತ್ತಿದ್ದದ್ದು ಆ ಹೊತ್ತು ಮಾತ್ರ. ಕೂಟದ ಹೆಸರು 'ಬಿಡಿಸುವವರ ಬಳಗ'.

ಹೋದ ವಾರ ಅಕ್ಕ ಹೇಳಿದ್ದರು: "ಮುಂದಿನ ಭಾನುವಾರ ಎಲ್ಲರ ಚಿತ್ರಾನೂ ನೇತು ಹಾಕ್ತೀವಿ. ಪ್ರತಿಯೊಬ್ರೂ ತಮ್ಮವರು ಅನ್ನೋರು ಒಬ್ಬರನ್ನಾದ್ರೂ ಕರ್ಕೊಂಡು ಬರಬೇಕು."

ತಮ್ಮವರು! ಇಡೀ ವಾರ ಮೈಕಣ್ಣನಿಗೆ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ತಾಯಿ ತೀರಿಹೋಗಿದ್ದರು. ತಂಗಿ ಇದ್ದಳು, ಹಡಗಿನಲ್ಲಿ ಹೋಗುವಷ್ಟು ದೂರ. ಯಾರದೋ ಮಗು ತಪ್ಪಿಸಿಕೊಂಡರೆ, "ಈ ಮಗುವಿನ ಕಡೆಯವರು ಎಲ್ಲಿದ್ದರೂ ಬನ್ನಿ" ಎಂದು ಮೈಕಿನಲ್ಲಿ ಕೂಗಿ ಎಷ್ಟು ಮಕ್ಕಳನ್ನು ತಾಯಂದಿರಿಗೆ ಒಪ್ಪಿಸಿದ್ದನೋ. ತನ್ನ ಕಡೆಯವರು ಯಾರು ಅಂತ ಕೂಗುವುದು? ಒಬ್ಬನೇ ಹೋಗಿ ನಿಂತರೆ ಅಲ್ಲಿರುವವರೆಲ್ಲ ಅಯ್ಯೋ ಪಾಪ ಅನ್ನುತ್ತಾರೆ. ಆ ಅಯ್ಯೋ ಪಾಪ ಅವನಿಗೆ ಬೇಡವಾಗಿತ್ತು. ಒಬ್ಬರು, ಒಬ್ಬರೇ ಒಬ್ಬರು ಸಿಕ್ಕಿದ್ದರೆ ಸಾಕಿತ್ತು.

ಓನರಮ್ಮನನ್ನು ಕರೆಯುವುದು ಅಂತ ಕೊನೆಗೆ ನಿರ್ಧಾರ ಮಾಡಿದ. ಆಕೆ ಕೆಳಗಿನ ಮನೆಯಲ್ಲಿರುವ ವಿಧವೆ, ಕಟ್ಟಡದ ಒಡತಿ. ಇಡೀ ಬೀದಿಯ ಸುದ್ದಿ ಆಕೆಯ ನಾಲಿಗೆಯ ತುದಿಯಲ್ಲಿ. ಸ್ನಾನ ಮಾಡಿ, ಒಳ್ಳೆಯ ಅಂಗಿ ಹಾಕಿಕೊಂಡು ಹೋಗಿ ಕರೆಯೋಣ ಅಂತಿದ್ದ. ಆದರೆ ಹಲ್ಲುಜ್ಜುತ್ತಾ ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದರೆ ಆಕೆ ಗಿಡಗಳಿಗೆ ನೀರು ಹಾಕುತ್ತಾ ನಿಂತಿದ್ದರು. ಈಗ ಬಿಟ್ಟರೆ ಇರುವ ಧೈರ್ಯವೂ ಹೋಗಿಬಿಡುತ್ತದೆ ಅನ್ನಿಸಿ ಬ್ರಷ್ಷು ಬಾಯಲ್ಲಿದ್ದ ಹಾಗೇ ದಡದಡ ಇಳಿದುಬಿಟ್ಟ.

"ಏನಪ್ಪ, ನಲ್ಲಿ ಮತ್ತೆ ಸೋರ್ತಿದೆಯಾ?" ಅಂದರು ಓನರಮ್ಮ.

"ಇಲ್ಲಮ್ಮ. ನಾನು ಭಾನುವಾರ ಸಂಜೆ..." 'ಚಿತ್ರ' ಅನ್ನುವ ಮಾತು ನೊರೆಯ ಜತೆ ಗಿಡದ ಬುಡಕ್ಕೆ ಬಿತ್ತು. ಬಾಯಿ ಒರೆಸಿಕೊಂಡು ಮುಗಿಸಿದ: "...ಬಿಡಿಸೋಕೆ ಹೋಗ್ತೀನಲ್ಲ, ಅಲ್ಲಿಗೆ ಇವತ್ತು ನಮ್ಮವರು ಯಾರನ್ನಾದ್ರೂ ಕರ್ಕೊಂಡು ಬನ್ನಿ ಅಂದಿದಾರೆ."

"ಬಿಡಿಸೋಕೆ?" ಓನರಮ್ಮನ ಕೈಯ ನೀರು ನಿಂತಿತು. "ಎಲ್ಲಿ?"

"ಬೇಕರಿ ಮೇಲೆ. ಬಿಡಿಸುವವರ ಬಳಗ ಅಂತ."

"ಡಾಕ್ಟ್ರು ಬಿಡಿಸ್ತಾರಾ?"

"ಡಾಕ್ಟ್ರೆಲ್ಲ ಇಲ್ಲಮ್ಮ. ನಮ್ಮಂಥೋರೇ. ಮೊದಲು ಸುಧಾರಿಸಿಕೊಂಡೋರು ಹೊಸಬರ ಕೈ ಹಿಡಿದು ದಾರಿಗೆ ತರ್ತಾರೆ."

"ನಿಂಗೆ ಯಾವಾಗಿಂದ ಇದು?"

ಮೈಕಣ್ಣ ನಾಚಿಕೊಂಡ. "ಸ್ಕೂಲಲ್ಲಿದ್ದಾಗಿಂದ್ಲೂ ಹುಚ್ಚು ಇತ್ತಮ್ಮ. ಪಾಠ ಮಾಡೋವಾಗ ಬೆಂಚಿನ ಕೆಳಗೆ ಇಟ್ಕೊಂಡು... ಅಪ್ಪ ಹೊಡೆದು ನಿಲ್ಲಿಸಿದ್ರು."

"ಸ್ಕೂಲಲ್ಲೇ! ಬೆಂಚಿನ ಕೆಳಗೇ!" ಓನರಮ್ಮನ ಕಣ್ಣಲ್ಲಿ ನೀರು ಬಂತು. ಚೊಂಬು ಕೆಳಗಿಟ್ಟು ಅವನ ಭುಜದ ಮೇಲೆ ಕೈಯಿಟ್ಟರು. "ಇಷ್ಟು ವರ್ಷ ಒಬ್ಬನೇ ಅನುಭವಿಸಿದೆಯಲ್ಲೋ. ನನಗೆ ಒಂದು ಮಾತು ಹೇಳಬಾರದಿತ್ತಾ? ಬರ್ತೀನಿ ಕಣಪ್ಪ, ಖಂಡಿತ ಬರ್ತೀನಿ. ಪಕ್ಕದಲ್ಲೇ ನಿಂತಿರ್ತೀನಿ."

ಚಿತ್ರ ಬಿಡಿಸುವುದಕ್ಕೆ ಇಷ್ಟೊಂದು ಮರುಕ ಯಾಕೆ ಎಂದು ಮೈಕಣ್ಣನಿಗೆ ಅರ್ಥವಾಗಲಿಲ್ಲ. ಆದರೆ ಆ ಕೈ ಬೆಚ್ಚಗಿತ್ತು. ಡಾಕ್ಟರ ಸ್ಟೆತಾಸ್ಕೋಪು ಬಿಟ್ಟರೆ ಅವನ ಮೈಯನ್ನು ಬೇರೇನಾದರೂ ಮುಟ್ಟಿ ವರ್ಷಗಳೇ ಆಗಿದ್ದವು. ಕೈ ತೆಗೆಯುವವರೆಗೆ ಅಲ್ಲಾಡದೆ ನಿಂತ.

ಅವನು ಮುಖ ತೊಳೆದು ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಮೆಟ್ಟಿಲು ಹತ್ತಿತ್ತು. ಎದುರು ಮನೆಯ ಟೈಲರ್ ಬಾಗಿಲಲ್ಲೇ ಕಾದಿದ್ದ. ಕುತ್ತಿಗೆಗೆ ಅಳತೆ ಟೇಪು, ಮುಖದ ಮೇಲೆ ಎಂದೂ ಇಲ್ಲದ ಸ್ನೇಹ.

"ಓನರಮ್ಮ ಎಲ್ಲಾ ಹೇಳಿದ್ರು ಕಣಯ್ಯಾ," ಎಂದು ದನಿ ತಗ್ಗಿಸಿದ. "ದಿನಾ ನಡೆಯುತ್ತಾ?"

"ಹೂಂ. ಕೆಲಸದಿಂದ ಬಂದ್ಮೇಲೆ ಒಂದಾದ್ರೂ ಆಗಲೇಬೇಕು. ಇಲ್ದಿದ್ರೆ ನಿದ್ದೆ ಬರಲ್ಲ."

"ನಿಜ ನಿಜ, ಬರಲ್ಲ! ದೊಡ್ಡದಾ, ಚಿಕ್ಕದಾ?"

"ಮೊದಮೊದಲು ಚಿಕ್ಕದು. ಈಗ ದೊಡ್ಡದಕ್ಕೇ ಕೈ ಹೋಗುತ್ತೆ."

"ಹೋಗೇ ಹೋಗುತ್ತೆ. ನೀರು?"

"ನೀರು ಕಮ್ಮೀನೇ," ಅಂದ ಮೈಕಣ್ಣ. ಕಲೆಯ ಬಗ್ಗೆ ಇಷ್ಟು ತಿಳಿದವನು ಎದುರು ಮನೆಯಲ್ಲೇ ಇದ್ದಾನಲ್ಲ ಎಂದು ಅವನಿಗೆ ಸಂತೋಷ. "ನೀರು ಜಾಸ್ತಿಯಾದ್ರೆ ಪೂರ್ತಿ ಹಾಳು."

"ಭಲೇ! ಇದನ್ನ ನಮ್ಮವಳಿಗೆ ಎಷ್ಟು ಸಲ ಹೇಳಿದೀನಿ! ಆಮೇಲೆ ಆ ಬೇಕರಿ ಮೇಲೆ... ಅಲ್ಲಿ ಏನು ಮಾಡ್ತೀರಿ?"

"ಅಲ್ಲೂ ಅದೇ. ಎಲ್ರೂ ಒಟ್ಟಿಗೆ ಕೂತ್ಕೊಂಡು ಮಾಡ್ತೀವಿ. ಒಬ್ಬರದು ಮುಗಿದ್ರೆ ಪಕ್ಕದವರು ಕೊಡ್ತಾರೆ."

ಟೈಲರ್ ಗೋಡೆ ಹಿಡಿದುಕೊಂಡ. "ಬಿಡಿಸೋ ಜಾಗದಲ್ಲೇ? ಒಟ್ಟಿಗೆ? ಪಕ್ಕದವರು ಕೊಡ್ತಾರಾ? ಎಂಥಾ ಜಾಗ ಇಟ್ಕೊಂಡು ನಮಗೆ ಹೇಳದೇ ಇದ್ದೆಯಲ್ಲಯ್ಯಾ! ನಾನೂ ಬರ್ತೀನಿ ಸಂಜೆ."

ಇಬ್ಬರಾದರು! ಮೈಕಣ್ಣನ ಎದೆ ಉಬ್ಬಿತು. ಆದರೆ ಆ ಸಂತೋಷಕ್ಕೆ ಆಯಸ್ಸು ಕಮ್ಮಿ. ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಊರುಗೋಲು ಕುಟ್ಟುತ್ತಾ ಇಳಿದು ಬಂದರು, ಹಿಂದೆ ಓನರಮ್ಮ. ಬಂದವರು ಬಂದ ಹಾಗೆಯೇ ಅವನ ಕೋಣೆಯೊಳಗೆ ನುಗ್ಗಿದರು.

"ಪಿತ್ತಕೋಶ, ಯಕೃತ್ತು, ಮೂತ್ರಪಿಂಡ," ಎಂದು ಮೇಷ್ಟ್ರು ಪಾಠ ಶುರುಮಾಡಿದರು. "ಇವು ಮೂರೂ ಹೋದ ಮೇಲೆ ಮನುಷ್ಯನಲ್ಲಿ ಉಳಿಯೋದೇನಯ್ಯಾ? ಎಲ್ಲಿಟ್ಟಿದೀಯ, ತೆಗಿ."

"ಏನು ಸಾರ್?"

ಅವನಿಗೆ ಉತ್ತರ ಕೊಡುವ ವ್ಯವಧಾನ ಯಾರಿಗಿದೆ? ಓನರಮ್ಮ ಮಂಚದ ಕೆಳಗೆ ಬಗ್ಗಿದರು, ಟೈಲರ್ ಬೀರು ತೆಗೆದ. ಕಿಟಕಿಯಲ್ಲಿ ಬ್ರಷ್ಷುಗಳ ಕಟ್ಟು ಎದ್ದು ಕಾಣುತ್ತಿತ್ತು, ಮೇಜಿನ ಮೇಲೆ ಬಣ್ಣದ ಡಬ್ಬಿ ಬಾಯಿ ತೆರೆದು ಕೂತಿತ್ತು. ಬಾಟಲಿ ಹುಡುಕುವವರಿಗೆ ಅದೆಲ್ಲ ಎಲ್ಲಿ ಕಾಣಬೇಕು! ಕೊನೆಗೆ ಮೇಜಿನ ಹಿಂದೆ ಒಂದು ಬಾಟಲಿ ಸಿಕ್ಕೇಬಿಟ್ಟಿತು. ಅದರೊಳಗೆ, ಇಡೀ ವಾರ ಕೂತು ಹದವಾಗಿ ಬೆರೆಸಿಟ್ಟಿದ್ದ ಕಂದು ಬಣ್ಣ.

"ನೋಡಿ!" ಎಂದು ಓನರಮ್ಮ ಎತ್ತಿ ಹಿಡಿದರು. ಟೈಲರ್ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದ, ಮುಖ ಸೊಟ್ಟ ಮಾಡಿದ. "ಥೂ! ಇದು ಯಾವ ಕಂಪನೀದು? ಪಾಪ, ಇಂಥಾದ್ದನ್ನ ಕುಡೀತಾನಲ್ಲ ಒಬ್ಬನೇ ಕೂತು!"

ಆಗ ಮೈಕಣ್ಣನಿಗೆ ಹೊಳೆಯಿತು. ಬಿಡಿಸುವುದು ಅಂದರೆ ಇವರ ಲೆಕ್ಕದಲ್ಲಿ ಕುಡಿತ ಬಿಡಿಸುವುದು! ಅಯ್ಯೋ ದೇವರೇ ಅಂದುಕೊಂಡು ಬಾಯಿ ತೆರೆದ. "ಅಮ್ಮಾ, ನಾನು ಕುಡಿಯಲ್ಲ. ಅದು ಬೇರೆ. ಆಸ್ಪತ್ರೆಗೆ ಸೇರಿದ್ದು..."

"ಕುಡಿದ್ರೇನಂತೆ ಬಿಡೋ," ಎಂದು ಓನರಮ್ಮ ಬಾಟಲಿಯನ್ನು ಬಚ್ಚಲಿಗೆ ಸುರಿಯುತ್ತಾ ಸಮಾಧಾನ ಮಾಡಿದರು. "ಯಾರ ಮನೇಲಿಲ್ಲ ಹೇಳು? ನಮ್ಮ ಯಜಮಾನರಿಗೇ ಇತ್ತು. ಕುಡಿಯೋರನ್ನ ಸರಿ ಮಾಡಬಹುದು. ಈ ತಲೆ ಕೆಟ್ಟೋರು ಇರ್ತಾರಲ್ಲ, ಅವರದ್ದೇ ಭಯ ನನಗೆ. ನಿನಗಿಂತ ಮುಂಚೆ ಈ ಕೋಣೇಲಿ ಒಬ್ಬ ಇದ್ದ. ಮಂಕಾಗಿ ಕೂತಿರೋನು, ಮಾತಿಲ್ಲ ಕತೆಯಿಲ್ಲ. ತಲೆ ಸರಿ ಇಲ್ಲ ಅಂತ ಗೊತ್ತಾದ ದಿನಾನೇ ಖಾಲಿ ಮಾಡಿಸಿದೆ. ಹಾಂ, ನೀನೇನೋ ಹೇಳ್ತಿದ್ದೆ?"

"ಏನಿಲ್ಲಮ್ಮ," ಅಂದ ಮೈಕಣ್ಣ.

ಹಾಗೆ ಅಂದು ಕೋಣೆಯನ್ನು ಒಮ್ಮೆ ನೋಡಿದ. ಮಂಚದ ಮೇಲೆ ಓನರಮ್ಮ, ಕುರ್ಚಿಯಲ್ಲಿ ಮೇಷ್ಟ್ರು, ಹೊಸ್ತಿಲಲ್ಲಿ ಟೈಲರ್. ಆ ಕೋಣೆಗೆ ಬಂದಂದಿನಿಂದ ಅಲ್ಲಿ ಇನ್ನೊಬ್ಬರು ಕೂತದ್ದನ್ನು ಅವನು ಕಂಡಿರಲಿಲ್ಲ. ಮೂವರೂ ಒಟ್ಟಿಗೆ ಅವನಿಗೆ ಬೈಯುತ್ತಿದ್ದರು. ಎಷ್ಟು ಚೆನ್ನಾಗಿತ್ತು ಅದು! ಮನಸ್ಸಿನ ಕಾಯಿಲೆ ಅಂದರೆ ಎದ್ದು ಹೋಗುತ್ತಾರೆ, ಕುಡುಕ ಅಂದರೆ ಕೂತಿರುತ್ತಾರೆ. ಕುಡುಕನಾಗಿರುವುದೇ ವಾಸಿ ಅನ್ನಿಸಿತು ಅವನಿಗೆ. ಸಂಜೆ ಆ ಚಿತ್ರಗಳನ್ನು ನೋಡಿದ ಮೇಲೆ ಏನಾದರೂ ಆಗಲಿ, ಅಲ್ಲಿಯವರೆಗಾದರೂ ಇವರು ತನ್ನವರಾಗಿರಲಿ ಎಂದು ತೆಪ್ಪಗೆ ತಲೆ ತಗ್ಗಿಸಿದ.

ಅವತ್ತು ಮಧ್ಯಾಹ್ನದವರೆಗೆ ಅವನಿಗೆ ಡ್ಯೂಟಿ. ದಾರಿಯಲ್ಲಿ ಎಲ್ಲಾದರೂ ನುಸುಳಿಬಿಟ್ಟಾನು ಎಂದು ಮೂವರೂ ಬಸ್ ನಿಲ್ದಾಣದವರೆಗೆ ಬಂದರು. ಬಂದವರು ಅಲ್ಲಿಗೇ ಬಿಟ್ಟಾರೆಯೇ? ಒಬ್ಬರು ಕೂರುವ ಗಾಜಿನ ಗೂಡಿನೊಳಗೆ ನಾಲ್ವರೂ ತುರುಕಿಕೊಂಡರು. ಮೇಷ್ಟ್ರ ಊರುಗೋಲು ಮೈಕಣ್ಣನ ಪಕ್ಕೆಲುಬಿಗೆ, ಟೈಲರನ ಟೇಪು ಅವನ ಮೂಗಿಗೆ. ಓನರಮ್ಮ ಆಸರೆಗೆಂದು ಮೇಜಿನ ಮೇಲೆ ಮೊಣಕೈ ಊರಿದರು. ಅಲ್ಲೇ ಇದ್ದದ್ದು ಮೈಕಿನ ಸ್ವಿಚ್ಚು.

"ನೋಡು ಮೈಕಣ್ಣಾ," ಎಂದು ಓನರಮ್ಮ ಶುರುಮಾಡಿದರು. ಆ ದನಿ ನಿಲ್ದಾಣದ ಎಲ್ಲ ಕಂಬಗಳಿಂದಲೂ ಹೊರಟಿತು. "ನೀನು ಇಷ್ಟು ವರ್ಷ ಕುಡಿದಿದ್ದು ಕುಡಿದಾಯ್ತು. ಇವತ್ತು ಸಂಜೆ ಬಿಡ್ತಿದೀಯ. ನಾವೆಲ್ಲ ನಿನ್ನ ಜತೆಗಿದ್ದೀವಿ. ನೀನು ಒಬ್ಬನೇ ಅಲ್ಲ, ತಿಳೀತಾ?"

ಬಸ್ಸು ಹತ್ತುತ್ತಿದ್ದವರು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟ ಹಾಗೇ ನಿಂತರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಡ್ರೈವರುಗಳು ಹಾರ್ನು ಹೊಡೆದರು. ಎಲ್ಲರೂ ಗಾಜಿನ ಗೂಡಿನ ಕಡೆ ತಿರುಗಿದರು. ಮೈಕಣ್ಣ ನೋಡುತ್ತಾನೆ, ಸಾಲು ಸಾಲು ಮುಖಗಳು! ಕನ್ನಡಕದ ಮುಖ, ಬೆವರಿದ ಮುಖ, ನಗುವ ಮುಖ. ಇಷ್ಟು ವರ್ಷ ಅವನು ಯಾರಿಗೆ ದಾರಿ ಹೇಳುತ್ತಿದ್ದನೋ ಅವರಿಗೆಲ್ಲ ಕಣ್ಣು ಮೂಗು ಇತ್ತು. ನಾಚಿಕೆಯಿಂದ ಸಾಯುವ ಹಾಗಾದರೂ ಅವನಿಗೆ ಒಳಗೊಳಗೇ ಅಳು ಬರುವಷ್ಟು ಖುಷಿಯಾಯಿತು. ನಿಲ್ದಾಣದ ಮ್ಯಾನೇಜರು ಮಾತ್ರ ಓಡಿಬಂದು, "ಇವತ್ತಿಗೆ ಸಾಕು, ಮನೆಗೆ ಹೋಗಿ. ನಾಳೆಯಿಂದ ಕೂರೋ ಮುಂಚೆ ನನ್ನ ಹತ್ರ ಬಾಯಿ ಊದಿ ತೋರಿಸಿ," ಎಂದು ಕಳಿಸಿದರು.

ಸಂಜೆ ನಾಲ್ವರೂ ಬೇಕರಿಯ ಹಿಂದಿನ ಕಿರಿದಾದ ಮೆಟ್ಟಿಲು ಹತ್ತಿದರು. ಮೇಲೆ, ಕೋಣೆಯ ಉದ್ದಕ್ಕೂ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ ಚಿತ್ರಗಳನ್ನು ನೇತುಹಾಕಿದ್ದರು. ಪ್ಲಂಬರ್ ತನ್ನ ಹೆಂಡತಿಯನ್ನು ಕರೆತಂದಿದ್ದ. ಪೊಲೀಸಪ್ಪನ ಜತೆ ಅವನ ಅಣ್ಣ. ಮೈಕಣ್ಣನ ಹಿಂದೆ ಒಬ್ಬರಲ್ಲ, ಇಬ್ಬರಲ್ಲ, ಮೂವರು ಬಂದದ್ದನ್ನು ಕಂಡು ಕೋಣೆಯೇ ಹೋ ಎಂದಿತು.

ಓನರಮ್ಮ ಸುತ್ತಲೂ ನೋಡಿದರು. "ಎಲ್ಲಿ, ಬಿಡಿಸೋದು ಎಲ್ಲಿ?"

"ಇವೆಲ್ಲ ಬಿಡಿಸಿರೋದೇ ಅಲ್ವಾ?" ಎಂದು ಬೇಕರಿ ಅಕ್ಕ ಹಗ್ಗದ ಕಡೆ ಕೈ ತೋರಿಸಿದರು.

"ಇವು ಚಿತ್ರ. ನಾನು ಕೇಳ್ತಿರೋದು ಕುಡಿತ."

"ಇಲ್ಲಿ ಯಾರೂ ಕುಡಿಯಲ್ಲಮ್ಮ," ಎಂದು ಅಕ್ಕ ನಕ್ಕರು. "ನಾವೆಲ್ಲ ಮನಸ್ಸು ಕುಸಿದು ಬಿದ್ದೋರು. ಚಿತ್ರ ಬಿಡಿಸ್ತಾ, ಒಬ್ರನ್ನೊಬ್ರು ಹಿಡ್ಕೊಂಡು ಎದ್ದಿದೀವಿ, ಅಷ್ಟೇ."

ಓನರಮ್ಮ ಮೈಕಣ್ಣನ ಕಡೆ ತಿರುಗಿದರು. ಮೇಷ್ಟ್ರೂ ತಿರುಗಿದರು. ಟೈಲರನ ಮುಖದಲ್ಲಿ ಘೋರ ನಿರಾಸೆ. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

"ಹೌದಮ್ಮ," ಅಂದ ಮೈಕಣ್ಣ. "ನಾನು ಕುಡಿಯಲ್ಲ. ನಂಗೆ ಮಾತು ನಿಂತುಹೋಗಿತ್ತು. ಬೆಳಿಗ್ಗೆ ಯಾಕೆ ಏಳಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ. ಆಸ್ಪತ್ರೇಲಿದ್ದೆ. ಬೆಳಿಗ್ಗೆನೇ ಹೇಳಬೇಕಿತ್ತು. ಆದ್ರೆ ನೀವೆಲ್ಲ ಕೂತಿದ್ರಿ, ಎದ್ದು ಹೋಗ್ಬಿಡ್ತೀರೇನೋ ಅಂತ... ಕೋಣೆ ಖಾಲಿ ಮಾಡು ಅಂದ್ರೆ ಮಾಡ್ತೀನಿ. ಒಂದು ಸಲ ಚಿತ್ರ ನೋಡ್ಕೊಂಡು ಹೋಗಿ."

ಓನರಮ್ಮ ಬಂದದ್ದಾಯಿತು, ನೋಡಿಯೇ ಹೋಗೋಣ ಎಂಬಂತೆ ಹಗ್ಗದ ಕಡೆ ನಡೆದರು. ಮೈಕಣ್ಣನ ಚಿತ್ರಗಳೆಲ್ಲ ಬೆನ್ನುಗಳು: ಗಂಟು ಹೊತ್ತ ಬೆನ್ನು, ಕೂಸು ಮಲಗಿದ ಬೆನ್ನು, ಓಡುವ ಬೆನ್ನು. ಟೈಲರ್ ಒಂದರ ಮುಂದೆ ನಿಂತು ಕಿಸಕ್ಕನೆ ನಕ್ಕ. "ಇದು ನಮ್ಮ ಮೇಷ್ಟ್ರು! ನೋಡಿ, ಕೋಲು ಹಿಡಿದು ಖಾಲಿ ಬೀದಿಗೆ ಪಾಠ ಮಾಡ್ತಿದಾರೆ!"

"ನಾನೆಲ್ಲಿ ಹಾಗಿದೀನಿ? ಇದು ನೋಡು ನೀನು," ಎಂದು ಮೇಷ್ಟ್ರು ಕೋಲಿನಲ್ಲಿ ತೋರಿಸಿದರು. "ಹೊಲಿಗೆ ಯಂತ್ರದ ಮುಂದೆ ಕೂತಿದೀಯ. ಕಾಲು ತುಳೀತಾ ಇಲ್ಲ. ಸುಮ್ಮನೆ ಕೂತಿದೀಯ."

ಟೈಲರನ ನಗು ನಿಂತಿತು. ಅವನು ಆ ಚಿತ್ರವನ್ನು ಬಹಳ ಹೊತ್ತು ನೋಡಿದ.

ಓನರಮ್ಮ ಕೊನೆಯ ಚಿತ್ರದ ಮುಂದಿದ್ದರು. ಗಿಡಗಳ ಸಾಲು, ಚೊಂಬು, ಬಗ್ಗಿದ ಒಂದು ಬೆನ್ನು. "ಯಾರೋ ಇವಳು?" ಅಂದರು. "ಪಾಪ. ಗಿಡದ ಜತೆ ಮಾತಾಡ್ತಿದಾಳೆ ಅನ್ಸುತ್ತೆ. ಮಾತಾಡೋಕೆ ಮನೇಲಿ ಒಬ್ರೂ ಇಲ್ವೇನೋ."

"ನೀವೇ ಅಮ್ಮ," ಅಂದ ಮೈಕಣ್ಣ.

ಓನರಮ್ಮ ಹತ್ತಿರದ ಕುರ್ಚಿಯಲ್ಲಿ ಕುಸಿದರು. ಇಡೀ ಬೀದಿಯ ಬಾಯಿ ಮುಚ್ಚಿಸುವ ಆ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಯಜಮಾನರು ಹೋದಾಗಲೂ ಅತ್ತಿರಲಿಲ್ಲವಂತೆ. ಬಂದು ಹೋಗುವವರಿಗೆ ಕಾಫಿ ಮಾಡುವುದರಲ್ಲೇ ದಿನ ಕಳೆಯಿತಂತೆ. ಬೇಕರಿ ಅಕ್ಕ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಒಂದು ಹಾಳೆ, ಒಂದು ಪೆನ್ಸಿಲ್ಲು ಮುಂದಿಟ್ಟರು. ಟೈಲರ್ ಕೇಳದೇ ಇನ್ನೊಂದು ಹಾಳೆ ತೆಗೆದುಕೊಂಡ. ಮೇಷ್ಟ್ರು ಕೋಲನ್ನು ಮೂಲೆಗಿಟ್ಟು, ಪೆನ್ಸಿಲ್ಲು ಚೂಪಾಗಿಲ್ಲ ಎಂದು ಗೊಣಗುತ್ತಾ ಗೀಚಲು ಶುರುಮಾಡಿದರು.

ಮೈಕಣ್ಣ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಇವರೆಲ್ಲ ತನ್ನ ಜತೆ ಪ್ರತಿ ಭಾನುವಾರ ಇಲ್ಲೇ, ಬೆಚ್ಚಗಿನ ಈ ನೆಲದ ಮೇಲೆ! ಹೋಗುವಾಗ ಒಟ್ಟಿಗೆ, ಬರುವಾಗ ಒಟ್ಟಿಗೆ. ಬದುಕಿನಲ್ಲಿ ಇಷ್ಟು ಒಳ್ಳೆಯದು ತನಗೂ ಆಗಬಹುದು ಅಂತ ಅವನು ಅಂದುಕೊಂಡಿರಲಿಲ್ಲ.

"ನಾವು ಮೂವರೂ ಇಲ್ಲಿಗೆ ಸೇರಬಹುದಾ?" ಎಂದು ಓನರಮ್ಮ ಮೂಗೊರೆಸಿಕೊಂಡು ಕೇಳಿದರು.

ಅಕ್ಕ ಕೋಣೆಯನ್ನೊಮ್ಮೆ ಅಳೆದರು. "ಜಾಗ ಚಿಕ್ಕದು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಇದೆ, ಯಾರಿಗೆ ಹೊರಗೆ ಜನ ಇಲ್ವೋ ಅವರಿಗೆ ಮೊದಲು. ನಿಮಗೆ ತಮ್ಮವರು ಅಂತ ಯಾರಿದಾರಮ್ಮ?"

"ಯಾರೂ ಇಲ್ಲ," ಅಂದರು ಓನರಮ್ಮ.

"ನಿಮಗೆ?"

"ಮನೇಲಿ ಹೆಂಡತಿ ಇದಾಳೆ. ಮಾತು ಬಿಟ್ಟು ಎರಡು ವರ್ಷ ಆಯ್ತು, ಭಾನುವಾರ ಬಂದ್ರೆ ತವರಿಗೆ ಹೊರಟುಬಿಡ್ತಾಳೆ," ಅಂದ ಟೈಲರ್. "ಬೇರೆ ಯಾರೂ ಇಲ್ಲ."

"ಒಬ್ಬರೂ ಇಲ್ಲ," ಅಂದರು ಮೇಷ್ಟ್ರು.

ಬಾಗಿಲ ಬಳಿ ನಿಂತಿದ್ದ ಮೈಕಣ್ಣ ಸಣ್ಣಗೆ ಕೆಮ್ಮಿದ. ಯಾರೂ ತಿರುಗಲಿಲ್ಲ.

"ಇಬ್ಬರಿಗೆ ಹೇಗೋ ಜಾಗ ಆಗುತ್ತೆ, ಮೂವರನ್ನ ಹಿಡಿಸಬೇಕಂದ್ರೆ ಒಬ್ರು ಏಳಬೇಕಾಗುತ್ತೆ," ಎಂದು ಅಕ್ಕ ಎದ್ದು ನಿಂತರು. ಅವರ ಮುಖ ಅರಳಿತ್ತು. "ಯಾರು ಅಂತ ನಾನು ಹೇಳಬೇಕಾಗಿಲ್ಲ. ಎಲ್ರೂ ಒಬ್ಬೊಬ್ಬರನ್ನ ಕರ್ಕೊಂಡು ಬರೋಕೆ ಒದ್ದಾಡಿದ್ರೆ, ನಮ್ಮ ಮೈಕಣ್ಣ ಮೂವರನ್ನ ತಂದಿದಾರೆ! ಇಡೀ ಕಟ್ಟಡಾನೇ ಅವರ ಬೆನ್ನಿಗಿದೆ. ಇಂಥ ಮನುಷ್ಯನಿಗೆ ಇನ್ನು ನಾವು ಬೇಕಾ? ಗುಣವಾಗೋದು ಅಂದ್ರೆ ಇದೇ ಅಲ್ವಾ? ಒಪ್ಪೋರು ಕೈಯೆತ್ತಿ."

ಎಲ್ಲ ಕೈಗಳೂ ಮೇಲೆದ್ದವು. ಪೊಲೀಸಪ್ಪ ಎರಡೂ ಕೈ ಎತ್ತಿದ. ಆ ಕೋಣೆಯಲ್ಲಿ ಎಲ್ಲರೂ ಏನು ಮಾಡಿದರೂ ತಾನೂ ಮಾಡಿ ಅಭ್ಯಾಸವಾಗಿದ್ದ ಮೈಕಣ್ಣ ತನ್ನ ಕೈಯನ್ನೂ ಎತ್ತಿಬಿಟ್ಟ. ಚಪ್ಪಾಳೆಯ ಸದ್ದಿಗೆ ಕಿಟಕಿ ಗಾಜು ಅದುರಿತು. ಅಕ್ಕ ಅವನನ್ನು ಅಪ್ಪಿಕೊಂಡು ಕಣ್ಣೊರೆಸಿಕೊಂಡರು. ನಂಗೆ ನೀವೆಲ್ಲ ಬೇಕು, ನಾನಿನ್ನೂ ಎದ್ದಿಲ್ಲ ಅಂತ ಕೂಗಿ ಹೇಳಬೇಕು ಅನ್ನಿಸಿತು ಅವನಿಗೆ. ಆದರೆ ಎಲ್ಲರೂ ಅಷ್ಟು ಸಂತೋಷವಾಗಿದ್ದರು. ಅದನ್ನು ಕೆಡಿಸಲು ಅವನಿಗೆ ಬಾಯಿ ಬರಲಿಲ್ಲ.

"ಈಗ ಹೊಸಬರ ಮೊದಲನೇ ಮಾತು," ಅಂದರು ಅಕ್ಕ. "ಹೊರಗಿನವರು ದಯವಿಟ್ಟು ಕೆಳಗೆ ಕೂತಿರಿ."

ಪ್ಲಂಬರನ ಹೆಂಡತಿ ಎದ್ದಳು, ಪೊಲೀಸಪ್ಪನ ಅಣ್ಣ ಎದ್ದ, ಹಾಗೆ ಜತೆಗೆ ಬಂದಿದ್ದ ಉಳಿದವರೂ ಮೆಟ್ಟಿಲಿಳಿದರು. ಬಳಗದವರೆಲ್ಲ ಮೈಕಣ್ಣನನ್ನು ಪ್ರೀತಿ ತುಂಬಿದ ಕಣ್ಣುಗಳಿಂದ ನೋಡುತ್ತಾ ಕಾದರು. ಅವರು ಯಾತಕ್ಕೆ ಕಾಯುತ್ತಿದ್ದಾರೆ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ಅವನು ಇಳಿದ ಮೇಲೆ ಬಾಗಿಲು ಮುಚ್ಚಿಕೊಂಡಿತು.

ಕೆಳಗೆ ಬ್ರೆಡ್ಡಿನ ಟ್ರೇಗಳ ನಡುವೆ ಸ್ಟೂಲಿನ ಮೇಲೆ ಕೂತ. ಮೇಲಿಂದ ಒಮ್ಮೆ ಅಳು ಕೇಳಿಸಿತು, ಒಮ್ಮೆ ಎಲ್ಲರೂ ಒಟ್ಟಿಗೆ ನಕ್ಕದ್ದು ಕೇಳಿಸಿತು. ಮೇಷ್ಟ್ರು ನಗುವುದನ್ನು ಅವನು ಕೇಳಿದ್ದು ಅದೇ ಮೊದಲು. ಮುಗಿದ ಮೇಲೆ ಅಕ್ಕ ಒಂದು ಬ್ರೆಡ್ಡು ಕಟ್ಟಿ ಕೈಗಿಟ್ಟರು. "ದೂರ ಆಗಬೇಡಿ. ಯಾವಾಗ ಬೇಕಾದ್ರೂ ಬನ್ನಿ, ಬೇಕರಿ ದಿನಾ ತೆಗೆದಿರುತ್ತೆ."

ಮನೆಯ ದಾರಿಯಲ್ಲಿ ಮೂವರೂ ತಲೆಗೆ ತಲೆ ಕೊಟ್ಟು ಪಿಸುಗುಟ್ಟುತ್ತಾ ನಡೆದರು. ಮೈಕಣ್ಣ ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು; ಹಿಂದೆ ಬಿದ್ದರೆ ಶುರುವಾಗುತ್ತಿತ್ತು. ಕಟ್ಟಡ ತಲುಪಿದಾಗ ಓನರಮ್ಮ ನಿಂತರು. ಮುಖ ತೊಳೆದ ಹಾಗೆ ಹಗುರವಾಗಿತ್ತು.

"ಕೋಣೆ ಗೀಣೆ ಖಾಲಿ ಮಾಡೋದೆಲ್ಲ ಬೇಡ ಕಣಪ್ಪ. ನೀನಿರಬೇಕು. ಇನ್ನು ಮೇಲೆ ಭಾನುವಾರ ಸಂಜೆ ನಾವ್ಯಾರೂ ಮನೇಲಿರಲ್ವಲ್ಲ, ಕಟ್ಟಡಕ್ಕೆ ಒಬ್ರಾದ್ರೂ ಕಾವಲು ಬೇಡ್ವಾ? ನೀನು ಹೇಗೂ ಬಿಡುವಾಗಿರ್ತೀಯ. ಮೂರು ಮನೆ ಬೀಗದ ಕೈನೂ ನಿನಗೇ ಕೊಟ್ಟು ಹೋಗ್ತೀವಿ."

"ಆಗಲಮ್ಮ," ಅಂದ ಮೈಕಣ್ಣ. ಆಮೇಲೆ ಹೇಗೋ ಧೈರ್ಯ ಮಾಡಿ ಕೇಳಿದ: "ಅಮ್ಮಾ, ನಾನು ಕೆಳಗೆ ಬಂದ್ಮೇಲೆ ಅಲ್ಲಿ ಏನು ಮಾತಾಡಿದ್ರಿ? ಎಲ್ರೂ ನಗ್ತಾ ಇದ್ರಲ್ಲ."

ಓನರಮ್ಮ ಬಾಯಿ ತೆರೆದರು. ಹೊಟ್ಟೆಯಲ್ಲಿ ಒಂದು ಗುಟ್ಟೂ ನಿಲ್ಲದ ಹೆಂಗಸು ಅದು, ಹೇಳಿಯೇಬಿಡುತ್ತಾರೆ ಅನ್ನಿಸಿತು. ಟೈಲರನೂ ಮೇಷ್ಟ್ರೂ ಗಾಬರಿಯಿಂದ ಅವರ ಮುಖ ನೋಡಿದರು. ಆಕೆ ಕಷ್ಟಪಟ್ಟು ತುಟಿ ಬಿಗಿಹಿಡಿದು, ಮೈಕಣ್ಣನ ಕೆನ್ನೆ ಸವರಿದರು.

"ಬೇಜಾರು ಮಾಡ್ಕೋಬೇಡ ಕಣೋ. ಅಲ್ಲಿ ಒಬ್ಬೊಬ್ಬರದ್ದು ಒಂದೊಂದು ನೋವು. ಹೊರಗಿನವರ ಹತ್ರ ಹೇಳೋ ಹಾಗಿಲ್ಲ."